ಎರಡು ಗೀರಿನ ಮಹಿಮೆ

೧ ಜೂನ್ ೧೯೭೯, ಶುಕ್ರವಾರ

ಇಂದು ನನ್ನ ಜನ್ಮದಿನ. ನಮ್ಮ ಮಾವನ ಜನ್ಮದಿನವೂ ಇಂದೇ. ಎದುರು ಮನೆಯ ದರ್ಜಿಯದು, ಅವನ ಹೆಂಡತಿಯದು, ಅವರ ನಾಲ್ಕು ಮಕ್ಕಳದು, ಯಲಬುರ್ಗಾದಲ್ಲಿ ಸಾಲಿಯ ಮೆಟ್ಟಿಲು ಹತ್ತಿದ ಸಕಲರದೂ ಇಂದೇ. ನಮ್ಮವ್ವನ ಪ್ರಕಾರ ನಾನು ಹುಟ್ಟಿದ್ದು ಎಳ್ಳಮಾವಾಸ್ಯೆಯ ಮರುದಿನ, ಆಕೆ ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದು ಕಾಲು ಚಾಚಿದ ಮೇಲೆ. ಆದರೆ ಅವ್ವನ ಮಾತಿಗೆ ಸರಕಾರದ ಶಿಕ್ಕಾ ಬಿದ್ದಿಲ್ಲ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಜೂನ್ ಒಂದು ಎಂದು ಬರೆದರು. ಅಂದಿನಿಂದ ಜೂನ್ ಒಂದು.

ಈ ಸಾರ್ವಜನಿಕ ಶುಭದಿನದಂದು ನಾನು, ತಿರುಪತಿ, ವಯಸ್ಸು ಹತ್ತೊಂಬತ್ತು, ಈ ದಿನಚರಿಯನ್ನು ಆರಂಭಿಸಿದ್ದೇನೆ. ಇದನ್ನು ಅನ್ಯರು ಓದತಕ್ಕದ್ದಲ್ಲ. ಓದಿದವರ ಎರಡೂ ಕಣ್ಣಿಗೆ ಕುರ ಏಳತಕ್ಕದ್ದು.

ಹಿನ್ನೆಲೆ: ಪಿಯುಸಿಯಲ್ಲಿ ಇಂಗ್ಲಿಷ್ ನಪಾಸು. ಅವ್ವ ಒಂದು ಟ್ರಂಕು ಹಾಗೂ ಒಂದು ಬುಟ್ಟಿ ಬೈಗುಳದ ಸಮೇತ ನನ್ನನ್ನು ಕುಷ್ಟಗಿಯಿಂದ ಇಲ್ಲಿಗೆ ಸಾಗಿಸಿ ತನ್ನ ತಮ್ಮ ವಿರುಪಣ್ಣ ಮಾಸ್ತರರ ವಶಕ್ಕೆ ಕೊಟ್ಟಿದ್ದಾಳೆ. ಮಾವ ಇಲ್ಲಿಯ ಸಣ್ಣ ಸಾಲಿಯ ಹೆಡ್‌ಮಾಸ್ತರರು. ಭಾಳ ಗಂಭೀರ ಮನುಷ್ಯ. ಎಂಥ ಮಳೆಯಲ್ಲೂ ಧೋತರ ಎತ್ತಿ ಕಟ್ಟುವವರಲ್ಲ, ಎರೆಮಣ್ಣಿನ ಕೆಸರನ್ನು ಅಂಚಿನಿಂದ ಗುಡಿಸುತ್ತ ನಡೆಯುತ್ತಾರೆ. ಊರು ಇದನ್ನು ಗಾಂಭೀರ್ಯ ಎನ್ನುತ್ತದೆ. ಅತ್ತೆ, ಒಗೆಯುವವಳಾದ್ದರಿಂದ, ಬೇರೆ ಏನೋ ಅನ್ನುತ್ತಾಳೆ.

ಮಾವ ನನಗೆ ಎರಡು ಶಿಕ್ಷೆ ವಿಧಿಸಿದ್ದಾರೆ. ಒಂದು: ಸಾಲಿಯ ಹಳೆಯ ದಾಖಲಾತಿ ಪುಸ್ತಕ ಹಪ್ಪಳದ ಹಾಗೆ ಮುರಿಯುತ್ತಿದೆ, ಅದನ್ನು ಹೊಸ ಪುಸ್ತಕಕ್ಕೆ ನಕಲು ಮಾಡುವುದು. ಎರಡು: ದಿನಕ್ಕೊಂದು ಇಂಗ್ಲಿಷ್ ಪದವನ್ನು ಸಾಲಿಯ ಡಿಕ್ಷನರಿಯಿಂದ ಆರಿಸಿ, ಅದರ ಅರ್ಥ, ಮೂಲ, ಪ್ರಯೋಗ ಬರೆದು ತೋರಿಸುವುದು. ಡಿಕ್ಷನರಿಯನ್ನು ನನಗಿಂತ ಮೊದಲು ಗೆದ್ದಲು ಓದಿದೆ, ಮತ್ತು ಅದು ಪಾಸಾಗಿರಬೇಕು.

೪ ಜೂನ್, ಸೋಮವಾರ

ನಕಲು ಆರಂಭ. ೧೯೫೧ನೇ ಇಸವಿಯ ಪುಟ. ಬರೆದವರು ಮಕ್ಬುಲಸಾಬ ಮಾಸ್ತರರು. ಅಕ್ಷರ ಮುತ್ತು ಪೋಣಿಸಿದಂತಿದೆ, ಆದರೆ ಮುತ್ತು ಒಂದೇ ಸಾಲಿಗೆ ಮುಗಿದಿದೆ. ಮೊದಲ ಹೆಸರು ಉಮರಸಾಬ. ಗಂಡು. ಜನ್ಮ ೧-೬-೧೯೪೫. ಗುರುತಿನ ಚಿಹ್ನೆ: ಬಲ ಮೀನಖಂಡದ ಮೇಲೆ ನಾಯಿ ಕಚ್ಚಿದ ಕಲೆ. ಅದರ ಕೆಳಗೆ ಇಪ್ಪತ್ತೆರಡು ಮಕ್ಕಳು. ಎಲ್ಲರಿಗೂ ಎಲ್ಲ ಕಾಲಮ್ಮಿನಲ್ಲೂ ಎರಡೆರಡು ಗೀರು. ಅಂದರೆ ಇಪ್ಪತ್ಮೂರು ಮಕ್ಕಳು ಒಂದೇ ದಿನ ಹುಟ್ಟಿ, ಒಂದೇ ನಾಯಿಯಿಂದ, ಒಂದೇ ಜಾಗದಲ್ಲಿ ಕಚ್ಚಿಸಿಕೊಂಡಿದ್ದಾರೆ. ಪುಣ್ಯಕ್ಕೆ ತಂದೆಯ ಹೆಸರನ್ನು ಮಾತ್ರ ಮಾಸ್ತರರು ಬೇರೆ ಬೇರೆ ಬರೆದಿದ್ದಾರೆ. ಇಲ್ಲದಿದ್ದರೆ ಯಲಬುರ್ಗಾದಲ್ಲಿ ದೊಡ್ಡ ಜಗಳವಾಗುತ್ತಿತ್ತು.

ಇಂದಿನ ಪದ ತಾನಾಗಿಯೇ ಸಿಕ್ಕಿತು.

ಪದ: ಡಿಟ್ಟೊ. ಬರೆಯುವ ಗುರುತು ಎರಡು ಗೀರು.

ಅರ್ಥ: ಮೇಲಿನಂತೆಯೇ.

ಮೂಲ: ಗೆದ್ದಲು ತಿಂದಿದೆ. ಆದ್ದರಿಂದ ಸ್ವಂತ ಸಂಶೋಧನೆ. ಇಂಗ್ಲೆಂಡಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಮಾತೆಂದರೆ ಬೇಸರ. ನಿನ್ನೆಯ ಅಪ್ಪಣೆಯೇ ಇಂದೂ ಆಗಬೇಕಾದರೆ ಎರಡು ಬೆರಳು ಎತ್ತುತ್ತಿದ್ದ. ಆ ಬೆರಳುಗಳೇ ಈ ಗೀರುಗಳು. ರಾಜ ಸತ್ತ ಮೇಲೆ ಬೆರಳುಗಳು ಕಚೇರಿಗಳಿಗೆ ಹಂಚಿಹೋದವು.

ಪ್ರಯೋಗ: ಸೋಮಾರಿಗಳಿಂದ, ಸೋಮಾರಿಗಳಿಗಾಗಿ.

ಮಾವ ಓದಿ, ಮೂಲದ ಬಗ್ಗೆ ಚಕಾರ ಎತ್ತದೆ ಸಹಿ ಹಾಕಿದರು. ಇಂಗ್ಲಿಷ್ ವಿಷಯದಲ್ಲಿ ಏನು ಹೇಳಿದರೂ ಇಲ್ಲಿ ನಡೆಯುತ್ತದೆ ಎಂಬುದು ಸಿದ್ಧವಾಯಿತು. ಆದರೆ ೧೯೫೧ರ ಪುಟ ಕಣ್ಣಿಗೆ ಬಿದ್ದಾಗ ಯಾಕೋ ಧೋತರವನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು ಹೊರಗೆ ಹೋದರು.

೫ ಜೂನ್, ಮಂಗಳವಾರ

ಡಿಟ್ಟೊ.

೬ ಜೂನ್, ಬುಧವಾರ

ಡಿಟ್ಟೊ. ದಿನಚರಿ ಬರೆಯಲು ಇದಕ್ಕಿಂತ ಛಲೋ ಪದ್ಧತಿ ಇಲ್ಲ.

೭ ಜೂನ್, ಗುರುವಾರ

〃

೮ ಜೂನ್, ಶುಕ್ರವಾರ

ಇಂದು ಡಿಟ್ಟೊ ಅಲ್ಲ. ಕೊಪ್ಪಳದಿಂದ ಒಂದು ಆದೇಶ ಬಂದಿದೆ. ಹತ್ತು ವರ್ಷ ದಾಟಿದ ದಿನಗೂಲಿಯವರನ್ನು ಕಾಯಂ ಮಾಡಲಾಗುವುದು. ಅವರ ಜನ್ಮತಾರೀಖು ಮತ್ತು ಗುರುತಿನ ಚಿಹ್ನೆಯನ್ನು ಸಾಲಿಯ ದಾಖಲೆಯಿಂದ ತೋರಿಸತಕ್ಕದ್ದು. ಅಧಿಕಾರಿಗಳು ಖುದ್ದು ಬಂದು ತಾಳೆ ನೋಡುವರು. ತಾಳೆಯಾಗದಿದ್ದರೆ ಜಾಗ ಬೇರೊಬ್ಬರಿಗೆ.

ನಮ್ಮಲ್ಲಿ ಅಂಥವಳು ದುರುಗವ್ವ. ಓಣಿಯ ಕೊನೆಯ ಸೇದುಬಾವಿಯಿಂದ ದಿನಾಲು ಹದಿನೆಂಟು ಕೊಡ ನೀರು ಸಾಲಿಗೆ ಹೊರುತ್ತಾಳೆ. ಹದಿನಾರು ವರ್ಷದಿಂದ. ಸಾಲಿಗೆ ರಜೆ ಬಿದ್ದರೆ ಆಕೆಗೆ ಕೆಲಸವಿಲ್ಲ. ಆಗ ಮಗಳನ್ನು ಕಟ್ಟಿಕೊಂಡು ಶ್ರೀರಾಮನಗರದ ಗದ್ದೆಗೆ ನಾಟಿ ಹಚ್ಚಲು ಹೋಗಿ, ಕಾಲು ಕೊಳೆಸಿಕೊಂಡು ಬರುತ್ತಾಳೆ. ಕಾಯಂ ಆದರೆ ಆ ಕೆಸರು ತಪ್ಪುತ್ತದೆ. ಚಿಕ್ಕಂದಿನಲ್ಲಿ ಇದೇ ಸಾಲಿಗೆ ಎರಡು ದಿನ ಬಂದಿದ್ದಳಂತೆ. ೧೯೫೧ರ ಪುಟದಲ್ಲಿ ಇಪ್ಪತ್ಮೂರನೆಯ ಹೆಸರು ಆಕೆಯದೇ.

ಮಧ್ಯಾಹ್ನ ಕೊಡ ಇಳಿಸಿ, ಕೈ ಒರೆಸಿಕೊಂಡು ಬಂದು ನಿಂತಳು.

“ತಿರಪತಿ, ನನ್ನ ಹೆಸರು ಆ ಪುಸ್ತಕದಾಗ ಐತಂತಲ್ಲಪಾ. ಎಲ್ಲೈತಿ ತೋರ್ಸು.”

ತೋರಿಸಿದೆ. ಆಕೆಗೆ ಓದು ಬರುವುದಿಲ್ಲ. ಹೆಸರನ್ನು ಬೆರಳಿನಿಂದ ಸವರಿ, ಮುಂದೆ ಸರಿದು, ಈ ಎರಡು ಗೀರು ಏನು ಎಂದು ಕೇಳಿದಳು. ನನ್ನೊಳಗಿನ ಸಂಶೋಧಕ ಎದ್ದು ಕೂತ. ಇಂಗ್ಲೆಂಡಿನ ರಾಜನ ಕಥೆಯನ್ನು ಪೂರ್ತಿ ಹೇಳಿ, ಇದು ಗುರುತಿನ ಕಾಲಮ್ಮು, ನಿನ್ನ ಗುರುತು ಎರಡು ಗೀರು, ಸಾಕ್ಷಾತ್ ರಾಜಮುದ್ರೆ ಎಂದೆ. ನನ್ನ ಮೈ ಮೇಲೆ ಎಲ್ಲೂ ಗೀರಿಲ್ಲವಲ್ಲ ಎಂದಳು. ಎಡ ಮುಂಗೈಯ ಮೇಲೆ ಇದ್ದಿರಬೇಕು, ನೀರು ಹೊತ್ತು ಹೊತ್ತು ತೊಳೆದು ಹೋಗಿವೆ ಎಂದೆ, ಮುಖದ ಒಂದು ನೆರಿಗೆಯನ್ನೂ ಕದಲಿಸದೆ. ಆಕೆ ತನ್ನ ಎಡಗೈಯನ್ನು ಬೆಳಕಿಗೆ ಹಿಡಿದು ಭಾಳ ಹೊತ್ತು ನೋಡಿದಳು.

ಈ ವರ್ಷದ ಅತ್ಯುತ್ತಮ ಚೇಷ್ಟೆ. ಗೆಳೆಯರು ಯಾರೂ ಹತ್ತಿರವಿಲ್ಲದ್ದಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

೧೩ ಜೂನ್, ಬುಧವಾರ

ದುರುಗವ್ವ ಎಡ ಮುಂಗೈಗೆ ಅರಿಶಿಣ ಹಚ್ಚಿ, ಬಟ್ಟೆ ಸುತ್ತಿಕೊಂಡು ಬಂದಳು. ಬಿಚ್ಚಿ ತೋರಿಸಿದಳು. ಬಾತ ಚರ್ಮದ ಮೇಲೆ ಎರಡು ಹಸಿರು ಗೀರು.

“ಸರಕಾರದ ಪುಸ್ತಕ ಸುಳ್ಳಾಗಬಾರದಲ್ಲಪಾ. ಸಂತ್ಯಾಗ ಹಚ್ಚಿ ಚುಚ್ಚಾಕಿ ಬಂದಿದ್ಲು, ಹಾಕಿಸ್ಕೊಂಡೆ. ಉದ್ದ ಸಾಕೇನು ನೋಡು.”

ಪುಸ್ತಕದಲ್ಲಿಯ ಗೀರಿನ ಪಕ್ಕಕ್ಕೆ ಕೈಯಿಟ್ಟು ನೋಡು ಎಂದಳು. ನೋಡಿದೆ. ಸಾಕು ಎಂದೆ.

ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು. ಬಿಸಿಲಿನ ಝಳಕ್ಕಿರಬೇಕು.

೧೫ ಜೂನ್, ಶುಕ್ರವಾರ

ಮಾವ ದುರುಗವ್ವನ ಅರ್ಜಿ ತುಂಬಿದರು. ಅಧಿಕಾರಿ ಇಪ್ಪತ್ತೇಳಕ್ಕೆ ಬರುತ್ತಾರೆ. ಪುಸ್ತಕ ನೋಡಿ, ಕನ್ನಡಕ ಏರಿಸಿ, ಗುರುತಿನ ಚಿಹ್ನೆ ಬಲಗಾಲಿಗೆ ನಾಯಿ ಕಚ್ಚಿದ ಕಲೆ ಎಂದು ಓದಿ ಹೇಳಿದರು. ದುರುಗವ್ವ ಮೊದಲು ನನ್ನ ಮುಖ ನೋಡಿದಳು.

“ನನಗ ನಾಯಿ ಕಡದಿಲ್ರಿ.”

“ಕಡದಿರಬೇಕು. ಪುಸ್ತಕದಾಗ ಐತಿ.”

“ಕಡದಿದ್ರ ನನಗ ಗೊತ್ತಾಗ್ತಿದ್ದಿಲ್ಲೇನ್ರಿ, ಮಾಸ್ತರ?”

ಮಾವ ಕನ್ನಡಕ ತೆಗೆದು ಒರೆಸಿದರು. ಪುಸ್ತಕದ ಪ್ರಕಾರ ಆಕೆ ಗಂಡು ಎಂಬುದನ್ನು ಆಗ ಯಾರೂ ಎತ್ತಲಿಲ್ಲ. ಒಂದು ಸಲಕ್ಕೆ ಒಂದು ಸಾಕು. ಆಕೆ ಸೆರಗಿನಿಂದ ಎಡಗೈಯನ್ನು ಅರ್ಧ ಹೊರಗೆ ತೆಗೆದಳು. ನಾನು ಗೋಡೆಯ ಮೇಲಿನ ಭಾರತದ ನಕಾಶೆಯಲ್ಲಿ ಬ್ರಹ್ಮಪುತ್ರಾ ನದಿ ಎಲ್ಲಿಂದ ಹರಿಯುತ್ತದೆ ಎಂದು ಪರೀಕ್ಷಿಸತೊಡಗಿದೆ. ಆಕೆ ಕೈಯನ್ನು ಮತ್ತೆ ಒಳಗೆ ಎಳೆದುಕೊಂಡು, “ಇರ್ಲಿ ಬಿಡ್ರಿ” ಎಂದು ಕೊಡ ಎತ್ತಿಕೊಂಡು ಹೋದಳು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಮಾವ ಬೈಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಇದು ಮುಗಿಯಲಿಲ್ಲ.

ಸಂಜೆ ಮಾವನಿಗೆ ಒಂದು ಸಲಹೆ ಕೊಟ್ಟೆ: ಇವು ಬರೀ ಡಿಟ್ಟೊ, ಖರೇ ಗುರುತಲ್ಲ, ತಪ್ಪಾಗಿ ಬಿದ್ದಿವೆ ಎಂದು ಒಂದು ಚೀಟಿ ಬರೆದು ಕೊಡಿ. ಮಾವ ಹಾರಿ ಬಿದ್ದರು. ಹಳೆಯ ದಾಖಲೆಯನ್ನು ಸುಳ್ಳು ಅನ್ನುವ ಧೈರ್ಯ ನಿನಗೆಲ್ಲಿಂದ ಬಂತಲೇ ಎಂದರು. ಡಿಟ್ಟೊಕ್ಕೆ ಇಷ್ಟೊಂದು ಸ್ವಾಮಿನಿಷ್ಠೆ ತೋರಿದ ಮನುಷ್ಯನನ್ನು ನಾನು ಕಂಡಿಲ್ಲ.

೧೮ ಜೂನ್, ಸೋಮವಾರ

ಉಮರಸಾಬನ ಚಹಾದಂಗಡಿ ಸಾಲಿಯ ಎದುರಿಗೇ ಇದೆ. ಪುಟದ ಮೊದಲ ಹೆಸರಿನ ಉಮರಸಾಬ ಇವನೇ. ನಾಯಿ ಕಚ್ಚಿದ್ದು ಇವನಿಗೊಬ್ಬನಿಗೇ, ಮತ್ತು ಅದು ಅವನ ಜೀವಮಾನದ ಸಾಧನೆ. ಗಿರಾಕಿಗಳಿಗೆ ಲುಂಗಿ ಎತ್ತಿ ತೋರಿಸುತ್ತಾನೆ. ಆ ನಾಯಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದು ಈಗ ಎತ್ತಿನಷ್ಟಾಗಿದೆ.

ತನ್ನ ನಾಯಿಯನ್ನು ಕ್ಲಾಸಿಗೆಲ್ಲ ಹಂಚಿದ ಸಂಗತಿ ಕೇಳಿ ಅವನಿಗೆ ಭಾಳ ನೋವಾಗಿದೆ. “ಅದು ನನ್ನ ನಾಯಿ. ನೋವು ತಿಂದಾವ ನಾನು. ಇವರಿಗ್ಯಾಕ?” ಆದರೂ ದುರುಗವ್ವನ ಮೇಲೆ ಅವನಿಗೆ ಅಂತಃಕರಣ. ಅಷ್ಟು ತೊಂದರೆ ಇದ್ದರೆ ನನ್ನ ಅಂಗಡಿಯ ನಾಯಿಯಿಂದ ಒಂದು ಸಲ ಕಚ್ಚಿಸಿಕೊಂಡು ಬಿಡು ಎಂದು ಚೇಷ್ಟೆಗೆ ಅಂದನಂತೆ.

ಮಧ್ಯಾಹ್ನ ನೋಡುತ್ತೇನೆ, ದುರುಗವ್ವ ಆ ನಾಯಿಯ ಮುಂದೆ ಬಲಗಾಲು ಚಾಚಿ ನಿಂತಿದ್ದಾಳೆ. ನಾಯಿ ಬಾಲ ಅಲ್ಲಾಡಿಸುತ್ತಿದೆ. ಹೆದರಿಸಿದಳು, ಬೈದಳು, ಕಡ್ಡಿಯಿಂದ ತಿವಿದಳು. ಅದು ಅಂಗಾತ ಮಲಗಿ ಹೊಟ್ಟೆ ತೋರಿಸಿತು. ದಿನಾಲು ನೀರು ಹಾಕಿದಾಕೆಯನ್ನು ಕಚ್ಚುವಷ್ಟು ಆ ನಾಯಿ ಕೆಟ್ಟಿಲ್ಲ.

ಓಡಿ ಹೋಗಿ ರಟ್ಟೆ ಹಿಡಿದು ಎಳೆದು ತಂದೆ. ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆ, ಗೊತ್ತೇನು ಎಂದು ರೇಗಿದೆ. ಆಕೆ ಲೆಕ್ಕ ಹಾಕಿದಳು.

“ಹದಿನಾರು ವರ್ಷಕ್ಕ ಹದಿನಾಲ್ಕ ಸೂಜಿ. ಹೆಚ್ಚೇನಲ್ಲ ಬಿಡು.”

ಆಕೆಯ ಕೊಡವನ್ನು ಸಾಲಿಯ ತನಕ ನಾನೇ ಹೊತ್ತು ತಂದೆ. ಹಾಗಾಗುವುದು ಅಪರೂಪ. ಜ್ವರ ಇದೆಯೇನೋ ಎಂದು ಹಣೆ ಮುಟ್ಟಿ ನೋಡಿಕೊಂಡೆ. ಇರಲಿಲ್ಲ.

೨೦ ಜೂನ್, ಬುಧವಾರ

ಮಹಾರಹಸ್ಯ ಬಯಲು.

ಗುರುತಿನ ಚಿಹ್ನೆಯನ್ನು ಬೇರೆ ಕಡೆ ಹೇಗೆ ಬರೆಯುತ್ತಾರೆ ನೋಡೋಣವೆಂದು ಕಪಾಟು ಜಾಲಾಡಿದೆ. ಮಾವನ ಸೇವಾಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ ಮಾವನ ಗುರುತು: ಬಲ ಮೀನಖಂಡದ ಮೇಲೆ ನಾಯಿ ಕಚ್ಚಿದ ಕಲೆ. ೧೯೫೧ರ ಪುಟ ತೆಗೆದೆ. ಎರಡನೆಯ ಹೆಸರು ವಿರುಪಣ್ಣ. ಇಷ್ಟು ದಿನ ಆ ಹೆಸರನ್ನು ನಕಲು ಮಾಡಿಯೂ ಅದು ಮಾವನೆಂದು ಹೊಳೆದಿರಲಿಲ್ಲ. ಮಾವನಿಗೂ ಹಲಗೆ ಹಿಡಿದು ಕೂತ ಒಂದು ಒಂದನೇ ಇಯತ್ತೆ ಇದ್ದೀತು ಎಂದು ಯಾರು ಯೋಚಿಸುತ್ತಾರೆ?

ಸಂಜೆ ಮಾವ ಹಿತ್ತಲಲ್ಲಿ ಕಾಲು ತೊಳೆಯುವಾಗ ಬಚ್ಚಲ ಗೋಡೆಯ ಮೇಲಿಂದ ಇಣುಕಿ ಪರೀಕ್ಷೆ ಮಾಡಿದೆ. ಬಾಳೆದಿಂಡಿನಂತೆ ನಿಷ್ಕಳಂಕ ಕಾಲು. ಇರುವೆ ಕಚ್ಚಿದ ಕಲೆಯೂ ಇಲ್ಲ.

“ಮಾವ, ನಿಮ್ಮ ನಾಯಿ ಎಲ್ಲಿ?”

ಮಾವ ಚೆಂಬು ಕೈಬಿಟ್ಟರು. ಧೋತರ ಎಳೆದುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು. ನೌಕರಿಗೆ ಸೇರುವಾಗ ಕಾರಕೂನ ಸಾಲಿಯ ಈ ದಾಖಲಾತಿ ಪುಸ್ತಕ ನೋಡಿ ಬರೆದುಕೊಂಡ. ಹೊಸ ನೌಕರಿ, ಬೇಡ ಅನ್ನಲು ಬಾಯಿ ಬರಲಿಲ್ಲ.

“ಹದಿಮೂರು ವರ್ಷ ಆತಲೇ. ಇನ್‌ಸ್ಪೆಕ್ಟರ್ ಬಂದ್ರ ಅವರು ಹಾಜರಿ ನೋಡ್ತಾರ, ನಾ ಅವರ ಕಣ್ಣು ಎಲ್ಲಿ ಹೋಗತೈತಿ ಅಂತ ನೋಡ್ತೀನಿ. ಡಿಟ್ಟೊ ಸುಳ್ಳಂದ್ರ ನಾನೂ ಸುಳ್ಳು.”

ಗಾಂಭೀರ್ಯದ ಧೋತರದ ಮೂಲ ಇದು. ನನಗೆ ಒಂದು ತಿಂಗಳಿಗಾಗುವಷ್ಟು ನಗುವ ಸಾಮಗ್ರಿ ಸಿಕ್ಕಿತ್ತು. ಚೆಂಬು ಎತ್ತಿ ಮಾವನ ಕೈಗೆ ಕೊಟ್ಟು ಒಳಗೆ ಬಂದೆ.

೨೨ ಜೂನ್, ಶುಕ್ರವಾರ

ಪದ: ಬರೆಯಲಿಲ್ಲ. ಮಾವ ಕೇಳಲೂ ಇಲ್ಲ.

ದುರುಗವ್ವ ಇಂದು ಹದಿನೆಂಟು ಕೊಡ ತಂದಳು. ಎಣಿಸಿದೆ. ಬೇರೆ ಕೆಲಸವಿರಲಿಲ್ಲ.

೨೪ ಜೂನ್, ರವಿವಾರ

ಮಕ್ಬುಲಸಾಬ ಮಾಸ್ತರರು ನಿವೃತ್ತರಾಗಿ ತಾವರಗೇರಾದಲ್ಲಿ ಮಗಳ ಮನೆಯಲ್ಲಿ ಇದ್ದಾರೆಂದು ಉಮರಸಾಬ ಹೇಳಿದ್ದ. ಸಿನಿಮಾ ನೋಡಿ ಬರುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಹೋದೆ. ಕುರಿಗಳ ನಡುವೆ ನಿಂತು ಪ್ರಯಾಣ. ಒಂದು ಕುರಿ ನನ್ನ ಅಂಗಿಯ ಗುಂಡಿ ತಿಂದಿತು. ಜೀವನದಲ್ಲಿ ಮೊದಲ ಸಲ ಒಳ್ಳೆಯ ಕೆಲಸಕ್ಕೆ ಸುಳ್ಳು ಹೇಳಿದ್ದರ ಫಲ.

ಮಾಸ್ತರರು ಕಟ್ಟೆಯ ಮೇಲೆ ಕೂತು ಮೊಮ್ಮಗಳು ಜುಬೇದಾಬಿಯ ಹಲಗೆಯ ಮೇಲೆ ಮಗ್ಗಿ ತಿದ್ದುತ್ತಿದ್ದರು. ನಾನು ಪುಸ್ತಕವನ್ನು ಚೀಲದಿಂದ ತೆಗೆದದ್ದೇ ತಡ, ಮುಟ್ಟದೆಯೇ ತಮ್ಮ ಅಕ್ಷರ ಗುರುತು ಹಿಡಿದರು. ಎಷ್ಟೋ ಹೊತ್ತು ಗೀರುಗಳನ್ನೇ ನೋಡಿದರು.

ಕಥೆ ಹೀಗೆ. ಅವರು ಕಲಿತದ್ದು ನಿಜಾಮರ ಕಾಲದ ಉರ್ದುವಿನಲ್ಲಿ. ಆಗಿನ ದಫ್ತರಗಳಲ್ಲಿ ಮೇಲಿನಂತೆಯೇ ಎನ್ನಲು ಐಜನ್ ಎಂದು ಬರೆಯುತ್ತಿದ್ದರಂತೆ. ಸರಕಾರ ಬದಲಾಗಿ ಇಂಗ್ಲಿಷ್ ಕಾಲಮ್ಮಿನ ಹೊಸ ಪುಸ್ತಕ ಬಂತು. ಮಧ್ಯಾಹ್ನಕ್ಕೆ ಸಾಹೇಬರು ಬರುವವರಿದ್ದರು, ಪುಸ್ತಕ ಖಾಲಿ ಇತ್ತು. ಹಿಂದಿನ ವಾರವಷ್ಟೇ ಅವರು ಡಿಟ್ಟೊ ಎಂಬ ಪದ ಕಲಿತಿದ್ದರು.

“ಹೊಸಾ ಪೀಪಿ ಸಿಕ್ಕ ಹುಡುಗನಂಗ ಊದಿಬಿಟ್ಟೆ, ಬೇಟಾ. ಇಪ್ಪತ್ತೆರಡು ಮಕ್ಕಳ ಮ್ಯಾಲೆ.”

ಒಳಗಿಂದ ತಮ್ಮ ಡಿಕ್ಷನರಿ ತರಿಸಿದರು. ಅದರ ಡಿ ಅಕ್ಷರಕ್ಕೆ ಗೆದ್ದಲು ಮುಟ್ಟಿರಲಿಲ್ಲ. ಡಿಟ್ಟೊ ಇಟಲಿಯ ಕಡೆಯ ಮಾತು, ಹೇಳಿದ್ದು ಎಂದು ಅದರ ಅರ್ಥ. ಮೊದಲೇ ಹೇಳಿದ್ದು. ಅದನ್ನು ಓದಿ ಮಾಸ್ತರರು ಕನ್ನಡಕ ತೆಗೆದರು.

“ನೋಡು. ಆ ಮಕ್ಕಳು ಏನೂ ಹೇಳಿದ್ದಿಲ್ಲ. ನಾ ಕೇಳಿದ್ದೂ ಇಲ್ಲ.”

ಆಮೇಲೆ ಕಣ್ಣು ಮುಚ್ಚಿಕೊಂಡು, ಇಪ್ಪತ್ತೆಂಟು ವರ್ಷದ ಹಿಂದಿನ ಮಕ್ಕಳ ಖರೇ ಗುರುತುಗಳನ್ನು ಒಂದೊಂದಾಗಿ ಹೇಳಿದರು, ನಾನು ಬರೆದೆ. ಮಾವನಿಗೆ ಎಡಗಿವಿಯ ಹಿಂದೆ ಸುಟ್ಟ ಕಲೆ. ಇನ್ನೊಬ್ಬನಿಗೆ ಒಂದೇ ಕೈಯಲ್ಲಿ ಆರು ಬೆರಳು. ಅದನ್ನೂ ಬಿಟ್ಟು ಮಾಸ್ತರರು ಡಿಟ್ಟೊ ಹಾಕಿದ್ದರು. ದುರುಗವ್ವನ ಹೆಸರು ಬಂದಾಗ ಸ್ವಲ್ಪ ತಡೆದರು. ಆ ಹುಡುಗಿ ಎರಡೇ ದಿನ ಬಂದಿದ್ದಳು, ಮೈಮೇಲೆ ಒಂದೂ ಗುರುತಿರಲಿಲ್ಲ, ಅದಕ್ಕೇ ನೆನಪಿದೆ ಎಂದರು. ಎಲ್ಲವನ್ನೂ ತಮ್ಮ ಕೈಯಿಂದ ಇನ್ನೊಂದು ಕಾಗದದ ಮೇಲೆ ಬರೆದು, ತಪ್ಪು ನನ್ನದು ಎಂದು ಒಪ್ಪಿ ಸಹಿ ಮಾಡಿಕೊಟ್ಟರು. ಸಹಿಯನ್ನು ಎರಡು ಸಲ ಮಾಡಬೇಕಿತ್ತು. ಎರಡೂ ಸಲ ಪೂರ್ತಿ ಬರೆದರು.

ಪದ: ಡಿಟ್ಟೊ, ಎರಡನೆಯ ಸಲ.

ಅರ್ಥ: ಮೇಲಿನಂತೆಯೇ ಇರಬೇಕು ಎಂದು ಬರೆಯುವವನ ಅಂದಾಜು.

ಮೂಲ: ಹೇಳಿದ್ದು. ಇಂಗ್ಲೆಂಡಿನಲ್ಲಿ ಅಂಥ ರಾಜ ಇರಲಿಲ್ಲ.

ಪ್ರಯೋಗ: ಕೆಳಗಿನವರನ್ನು ಕೇಳಿ ಮಾಡತಕ್ಕದ್ದು.

೨೬ ಜೂನ್, ಮಂಗಳವಾರ

ಕಾಗದ ಓದಿ ಮಾವ ಎರಡು ಸಲ ಎಡಗಿವಿಯ ಹಿಂದೆ ಮುಟ್ಟಿಕೊಂಡರು. ನಾಳೆ ಕಾಗದ ಸಾಹೇಬರಿಗೆ ಕೊಡುತ್ತೀರೋ ಇಲ್ಲವೋ ಎಂದರೆ, ಉಂಡು ಮಲಗು ಎಂದರು.

ಕಾಗದ ಸಾಲದಿದ್ದರೆ ಎಂದು ನಾನು ಊರು ಸುತ್ತಿ, ೧೯೫೧ರ ಒಂದನೇ ಇಯತ್ತೆಯವರಲ್ಲಿ ಒಂಬತ್ತು ಜನರನ್ನು ಹುಡುಕಿ ಗೊತ್ತು ಮಾಡಿ ಬಂದಿದ್ದೇನೆ. ಏನು ತರಬೇಕು ಎಂದು ಎಲ್ಲರೂ ಕೇಳಿದರು. ಬಲಗಾಲು ಎಂದೆ.

೨೭ ಜೂನ್, ಬುಧವಾರ

ಸಾಹೇಬರು ಹತ್ತರ ಬಸ್ಸಿಗೆ ಬಂದರು. ದಪ್ಪ ಕನ್ನಡಕ, ತೆಳ್ಳನೆಯ ತಾಳ್ಮೆ. ಪುಸ್ತಕ ನೋಡಿದರು, ದುರುಗವ್ವನನ್ನು ನೋಡಿದರು, ಹೆಣ್ಣುಮಗಳ ಕಾಲು ನೋಡುವುದು ಹೇಗೆಂದು ತಿಳಿಯದೆ ಛಾವಣಿ ನೋಡಿದರು. ಆಕೆಯೇ ನಾಯಿ ಕಚ್ಚಿಲ್ಲ ಎಂದು ಹೇಳಿ ಅವರ ಕಷ್ಟ ಪರಿಹರಿಸಿದಳು. ಹಾಗಾದರೆ ತಾಳೆಯಾಗಲಿಲ್ಲ ಎಂದು ಪೆನ್ನು ಬಿಚ್ಚಿದರು.

ಮಾವ ಕೂತೇ ಇದ್ದರು. ನಾನು ಮಕ್ಬುಲಸಾಬ ಮಾಸ್ತರರ ಕಾಗದ ಇಟ್ಟೆ. ಓದಿ, ಕಾಗದ ಯಾರಾದರೂ ಬರೆಯುತ್ತಾರೆ, ಪುರಾವೆ ಎಲ್ಲಿ ಎಂದರು. ಬಾಗಿಲು ತೆಗೆದೆ.

ಒಂಬತ್ತು ಜನ ಸಾಲಾಗಿ ಒಳಗೆ ಬಂದರು. ಮುಂದೆ ಉಮರಸಾಬ, ಇಸ್ತ್ರಿ ಮಾಡಿದ ಲುಂಗಿಯಲ್ಲಿ. ಗಾಬರಿಯಾದ ಸಾಹೇಬರಿಗೆ ಇದು ೧೯೫೧ನೇ ಇಸವಿಯ ಒಂದನೇ ಇಯತ್ತೆ, ತಪಾಸಣೆಗೆ ಹಾಜರು ಎಂದು ವಿನಂತಿಸಿಕೊಂಡೆ. ನಂತರ ಡ್ರಿಲ್ ಮಾಸ್ತರರ ದನಿಯಲ್ಲಿ ಬಲಗಾಲು ಎಂದೆ. ಲುಂಗಿ, ಧೋತರ, ಪಾಯಿಜಾಮ ಒಟ್ಟಿಗೆ ಮೇಲೆದ್ದವು. ಸಾಹೇಬರು ಬಗ್ಗಿ ಒಂದೊಂದೇ ಕಾಲು ನೋಡುತ್ತ ಹೋದರು. ಎಂಟು ಕಾಲಿಗೆ ನಾಯಿ ಇಲ್ಲ. ಆರು ಬೆರಳಿನವನು ಕಾಲಿನ ಜೊತೆ ಕೈಯನ್ನೂ ತೋರಿಸಿದ. ಉಮರಸಾಬ ತನ್ನ ಕಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಇಪ್ಪತ್ತೆಂಟು ವರ್ಷ ತನ್ನ ಅಪ್ಪಣೆ ಇಲ್ಲದೆ ಇದನ್ನು ಉಳಿದವರು ವಾಪರಿಸಿದ್ದಾರೆ, ಇದನ್ನೂ ಬರೆದುಕೊಳ್ಳಬೇಕು ಎಂದ.

ಸಾಹೇಬರು ಪುಸ್ತಕಕ್ಕೆ ಮರಳಿ ಎರಡನೆಯ ಹೆಸರಿನ ಮೇಲೆ ಬೆರಳಿಟ್ಟರು. ವಿರುಪಣ್ಣ. ಈ ಆಸಾಮಿ ಎಲ್ಲಿ?

ಮಾವನ ಕೈ ಮೇಜಿನ ಅಂಚು ಹಿಡಿದಿತ್ತು. ಬಾಗಿಲ ಬಳಿ ದುರುಗವ್ವ ಖಾಲಿ ಕೊಡ ಹಿಡಿದು ನಿಂತಿದ್ದಳು. ಮಾವ ಆಕೆಯ ಕಡೆ ಒಂದು ಸಲ ನೋಡಿದರು. ಎದ್ದು ನಿಂತರು. ಧೋತರವನ್ನು ಮೊಣಕಾಲಿನ ತನಕ ಎತ್ತಿದರು.

“ನಾನ್ರಿ. ನನಗೂ ಕಡದಿಲ್ರಿ.”

“ನಿಮ್ಮ ಸೇವಾಪುಸ್ತಕದಾಗ?”

“ಅದರಾಗ ಕಡದೈತ್ರಿ.”

ಸಾಹೇಬರು ಪೆನ್ನು ಕೆಳಗಿಟ್ಟು ನೀರು ಕೇಳಿದರು. ದುರುಗವ್ವ ತಂದುಕೊಟ್ಟಳು. ಪೂರ್ತಿ ಚೆಂಬು ಕುಡಿದು, ಮೀಸೆ ಒರೆಸಿಕೊಂಡು, ನಿಮ್ಮ ಜನ್ಮತಾರೀಖು ಯಾವುದು ಎಂದು ಮಾವನನ್ನು ಕೇಳಿದರು. ಜೂನ್ ಒಂದು ಎಂದರು ಮಾವ.

“ನಂದೂ,” ಎಂದರು ಸಾಹೇಬರು. ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. “ತಾರೀಖಿಗೆ ಕೈ ಹಚ್ಚೋದು ಬ್ಯಾಡ. ಹಚ್ಚಿದ್ರ ಜಿಲ್ಲಾ ಪೂರಾ ಬಿಚ್ಚಿ ಬೀಳತೈತಿ. ಗುರುತಷ್ಟ ತಿದ್ದೂಣು.”

ಮಾವನಿಗೆ ಎಡಗಿವಿಯ ಹಿಂದಿನ ಕಲೆ ಮರಳಿ ದೊರೆಯಿತು. ದುರುಗವ್ವ ಅಧಿಕೃತವಾಗಿ ಹೆಣ್ಣಾದಳು. ಆಕೆಯ ಗುರುತು ಬಂದಾಗ ಗಾಡಿ ನಿಂತಿತು. ಮಾಸ್ತರರ ಕಾಗದದಲ್ಲಿ ಗುರುತಿಲ್ಲ ಎಂದಿದೆ, ಕಾಲಮ್ಮು ಖಾಲಿ ಬಿಡುವಂತಿಲ್ಲ. ಏನಾದರೂ ಗುರುತು ಇದೆಯೇನವ್ವ ಎಂದು ಸಾಹೇಬರು ಕೇಳಿದರು. ಆಕೆ ಎಡ ಮುಂಗೈ ಮುಂದೆ ಮಾಡಿದಳು. ಇದನ್ನು ಯಾವಾಗ ಹಾಕಿಸಿಕೊಂಡದ್ದು, ಯಾಕೆ ಎಂದರು. ಎರಡು ವಾರದ ಹಿಂದಿನ ಸಂತೆಯಲ್ಲಿ ಎಂದಳು. ಯಾಕೆ ಎಂಬುದಕ್ಕೆ ಸೆರಗು ಸರಿಪಡಿಸಿಕೊಂಡಳು.

ಬ್ರಹ್ಮಪುತ್ರಾ ನದಿ ಗೋಡೆಯ ಮೇಲೆ ಇದ್ದಲ್ಲೇ ಇತ್ತು. ಅದನ್ನು ನೋಡಲಿಲ್ಲ.

ನನ್ನಿಂದಾಗಿ ಎಂದೆ. ಡಿಟ್ಟೊ ಪದದ ಮೊದಲ ಅರ್ಥ, ಮೊದಲ ಮೂಲ, ಮೊದಲ ಪ್ರಯೋಗ, ಇಂಗ್ಲೆಂಡಿನ ರಾಜ, ಅವನ ಎರಡು ಬೆರಳು, ಎಲ್ಲ ಒಪ್ಪಿಸಿದೆ. ಮುಗಿಸಿದಾಗ ೧೯೫೧ರ ಒಂದನೇ ಇಯತ್ತೆ ನನ್ನನ್ನು ನೋಡುತ್ತಿದ್ದ ರೀತಿಗೆ ನಾಯಿಯೇ ಮೇಲು ಅನ್ನಿಸಿತು.

ಸಾಹೇಬರು ನನ್ನನ್ನು ಭಾಳ ಹೊತ್ತು ನೋಡಿ, ಪೆನ್ನು ಎತ್ತಿ, ಬಿಡಿಸಿ ಬಿಡಿಸಿ ಬರೆದರು: ಎಡ ಮುಂಗೈಯ ಮೇಲೆ ಎರಡು ಗೀರಿನ ಹಸಿರು ಹಚ್ಚೆ. ಖುದ್ದು ನೋಡಿದೆ. ತಾಳೆಯಾಯಿತು. ಸಹಿ.

ಸಂಜೆ ಬಾವಿಯ ಹತ್ತಿರ ಹೋಗಿ, ನನ್ನ ಮಾತು ನಂಬಿ ಕೈ ಚುಚ್ಚಿಸಿಕೊಂಡೆಯಲ್ಲ ಎಂದೆ. ದುರುಗವ್ವ ಹಗ್ಗ ಎಳೆಯುವುದನ್ನು ನಿಲ್ಲಿಸದೆ ಹೇಳಿದಳು: “ನಿನ್ನನ್ನ ಯಾರು ನಂಬ್ತಾರೋ ಹುಚ್ಚಪ್ಪ. ನಾ ಪುಸ್ತಕ ನಂಬಿದ್ದೆ.”

೨೮ ಜೂನ್, ಗುರುವಾರ

ಮಳೆ ಬಂತು. ಮಾವ ಧೋತರವನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು ಬಜಾರಿನ ನಡುವೆ ನಡೆದು ಹೋದರು. ನಾಲ್ಕು ಜನ ಅಂಗಡಿಯವರು ಎದ್ದು ನಿಂತು ನೋಡಿದರು. ಅತ್ತೆ ದೇವರ ಮುಂದೆ ದೀಪ ಹಚ್ಚಿದಳು.

ನಕಲು ಮಾಡಿದ್ದ ೧೯೫೧ರ ಪುಟವನ್ನು ಹರಿದು ಮತ್ತೆ ಬರೆದೆ. ಹಳೆಯ ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಬರೆದು, ಪಕ್ಕದಲ್ಲಿ ಮಾಸ್ತರರು ಹೇಳಿದ ಗುರುತನ್ನೂ ಬರೆದೆ, ಇಪ್ಪತ್ಮೂರೂ ಜನರದು. ಕೈ ನೋಯುತ್ತಿದೆ. ಮಾವ ಹೇಳಿರಲಿಲ್ಲ. ಪುಟ ಚೆಂದ ಕಾಣಲಿ ಎಂದು ಮಾಡಿದ್ದು, ಅಷ್ಟೇ.

೧೬ ಜುಲೈ, ಸೋಮವಾರ

ಆದೇಶ ಬಂತು. ದುರುಗವ್ವ ಕಾಯಂ. ಇಂದಿನಿಂದ ಹಾಜರಿ ಪುಸ್ತಕದಲ್ಲಿ ದಿನಾಲು ಸಹಿ. ಹೆಬ್ಬೆಟ್ಟು ಒತ್ತುತ್ತೀಯಾ ಎಂದರೆ ಒಲ್ಲೆ ಎಂದಳು. ಹದಿನೈದು ದಿನದಿಂದ ಬೇವಿನ ಗಿಡದ ಕೆಳಗೆ ಹಲಗೆಯ ಮೇಲೆ ತಿದ್ದುತ್ತಿದ್ದಾಳೆ. ತಿದ್ದಿಸುವವರು ಯಾರೂ ಇಲ್ಲದ್ದಕ್ಕೆ ನಾನು ಕೂತಿದ್ದೆ. ನಾಲ್ಕೇ ಅಕ್ಷರ, ಆದರೆ ಕೊನೆಯ ಒತ್ತಕ್ಷರ ಪ್ರತಿ ಸಲ ಬೇರೆ ಊರಿಗೆ ಹೊರಡುತ್ತದೆ. ಇಂದು ಮನೆಯಲ್ಲೇ ನಿಂತಿತು. ಸಹಿಗೆ ಹಿಡಿದ ಸಮಯ ಎಂಟು ನಿಮಿಷ. ಮಾವ ಗಂಟೆ ಬಾರಿಸುವುದನ್ನು ತಡೆದು ಕಾದರು.

೧೭ ಜುಲೈ, ಮಂಗಳವಾರ

ಇಂದು ಮತ್ತೆ ಸಹಿ. ಮತ್ತೆ ಎಂಟು ನಿಮಿಷ. ಹಿಂದೆ ಮಾಸ್ತರರ ಸಾಲು. ನಾನು ಪಂಡಿತನ ಗತ್ತಿನಲ್ಲಿ, ನಿನ್ನೆಯ ಸಹಿಯ ಕೆಳಗೆ ಎರಡು ಗೀರು ಎಳೆದರೆ ಸಾಕು, ಹೇಗೂ ಕೈ ಮೇಲೆ ಮಾದರಿ ಇದೆ ಎಂದೆ.

ಆಕೆ ತಲೆ ಎತ್ತಲಿಲ್ಲ. ರು ಅಕ್ಷರದ ಕೊಂಬು ಮುಗಿಸಿ ಹೇಳಿದಳು.

“ನಿನ್ನಿ ನೀರು ನಿನ್ನೇ ಕುಡದು ಮುಗಿಸೀರಿ. ಇವತ್ತಿಂದು ಇವತ್ತ ಹೊತ್ತು ತಂದೀನಿ.”

ನಾಲ್ಕೂ ಅಕ್ಷರ ಬರೆದು, ಊದಿ ಆರಿಸಿ, ಕೊಡ ಎತ್ತಿಕೊಂಡು ಹೋದಳು.

ಇಂದು ಹದಿನೆಂಟು ಕೊಡ. ಮೊದಲನೆಯದರ ಬಾಯಿಗೆ ಒಂದು ಬೇವಿನ ಎಲೆ ಅಂಟಿತ್ತು. ಎರಡನೆಯದು ಮೆಟ್ಟಿಲ ಮೇಲೆ ತುಳುಕಿತು, ಮಾವ ಜಾರಿದರು, ಬೀಳಲಿಲ್ಲ. ಮೂರನೆಯದರಲ್ಲಿ ಅರ್ಧ ಉಮರಸಾಬನ ನಾಯಿಗೆ. ನಾಲ್ಕನೆಯದು ಮೂರನೆಯದರಂತಲ್ಲ. ಪುಟ ಮುಗಿಯಿತು, ಉಳಿದವು ಮುಂದಿನ ಪುಟಕ್ಕೆ.